ದೇವರು ಕಾಪಾಡ್ತಾನೆ ಅಂತ ಬರೆ ಕೆಳಗೆ ಮಲಗಬಹುದಾ?

ಪ್ರಶ್ನೆ: ಪಾಸ್ಟರ್, ನಮ್ಮದು ಮಾದಾಪುರದಿಂದ ಮೇಲೆ ಗುಡ್ಡದ ಬದಿಯ ಮನೆ. ಹಿಂದುಗಡೆಯೇ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಮೇಲಿನ ಕಾಫಿ ತೋಟದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಆವತ್ತು ಮನೆ ಉಳಿಯಿತು. ಆಮೇಲಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ಪಂಚಾಯಿತಿಯಿಂದ ನೋಟಿಸ್ ಬರುತ್ತದೆ, ಮಳೆ ಜಾಸ್ತಿಯಾದರೆ ಕಾಳಜಿ ಕೇಂದ್ರಕ್ಕೆ ಹೋಗಿ ಅಂತ. ಮಾವ ಒಪ್ಪುವುದೇ ಇಲ್ಲ. "ಆವತ್ತು ಕಾಪಾಡಿದ ಕರ್ತನು ಈಗಲೂ ಕಾಪಾಡ್ತಾನೆ, ಓಡಿಹೋಗೋದು ಅವಿಶ್ವಾಸ" ಅನ್ನುತ್ತಾರೆ. 91ನೇ ಕೀರ್ತನೆ ಬಾಯಿಪಾಠ ಹೇಳುತ್ತಾರೆ. ಹೋದ ವರ್ಷ ರೆಡ್ ಅಲರ್ಟ್ ಬಂದಾಗ ನಾನು ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಏನೂ ಆಗಲಿಲ್ಲ. ಈಗ ಅದನ್ನೇ ಹಿಡಿದು ಆಡಿಕೊಳ್ಳುತ್ತಾರೆ. ಆದರೆ ತೋಟಕ್ಕೆ ಆನೆ ಬಂದಿದೆ ಅಂತ ಮೆಸೇಜ್ ಬಂದರೆ ಮೊದಲು ಬಾಗಿಲು ಹಾಕುವವರು ಅವರೇ. ನಾದಿನಿಯದು ಇನ್ನೊಂದು ಥರ. ಕೊಡಗು ಇಂಥ ತಿಂಗಳು ನಾಶವಾಗುತ್ತದೆ ಅಂತ ಯಾರೋ ಪ್ರವಾದನೆ ಹೇಳಿದ ವಾಯ್ಸ್ ಮೆಸೇಜ್ ಕಳಿಸುತ್ತಲೇ ಇರುತ್ತಾಳೆ. ಅದನ್ನು ಕೇಳಿ ರಾತ್ರಿ ನಿದ್ದೆ ಬರುವುದಿಲ್ಲ. ಯಾವ ಎಚ್ಚರಿಕೆ ಕೇಳಬೇಕು, ಯಾವುದನ್ನು ಬಿಡಬೇಕು? ಮಾವನನ್ನು ಬಿಟ್ಟು ಮಕ್ಕಳ ಜೊತೆ ಹೊರಟರೆ ತಪ್ಪಾ?
(ಉತ್ತರ ಕೊಡಗಿನ ಓದುಗರೊಬ್ಬರು)

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ಮಕ್ಕಳನ್ನು ಕರೆದುಕೊಂಡು ಹೊರಡಿ. ಹೋದ ವರ್ಷ ನೀವು ಮಾಡಿದ್ದೂ ಸರಿ. ಏನೂ ಆಗಲಿಲ್ಲ ಅನ್ನುವ ಕಾರಣಕ್ಕೆ ಅದು ತಪ್ಪಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಮಣ್ಣಿನ ಭಯ ಒಂದು. ಹೊರಟರೆ ದೇವರ ಮುಂದೆ ಅಪನಂಬಿಕೆ ತೋರಿಸಿದ ಹಾಗಾಗುತ್ತದಾ ಅನ್ನುವ ಭಯ ಇನ್ನೊಂದು. ಸಭೆಗಳಲ್ಲಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ಈ ಎರಡನೆಯದು ಜನರನ್ನು ಕಟ್ಟಿಹಾಕುವುದನ್ನು ತುಂಬಾ ನೋಡಿದ್ದೇನೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಪ್ರಾರ್ಥನೆ ಮಾತ್ರ ಮಾಡುವವರಲ್ಲೂ ಇದೇ ಭಯ ಇರುತ್ತದೆ. ಅದಕ್ಕೇ ಇದನ್ನು ಬೈಬಲ್ ತೆರೆದೇ ನೋಡೋಣ.

ಮಾವ ಹೇಳುವ 91ನೇ ಕೀರ್ತನೆ ನನಗೂ ಪ್ರಾಣ. ಆಸ್ಪತ್ರೆಯಲ್ಲಿ ಕಾಯಿಲೆಯವರ ಪಕ್ಕ ಕೂತು ಎಷ್ಟೋ ಸಲ ಓದಿದ್ದೇನೆ. ಉಪದ್ರವ ನಿನ್ನ ಗುಡಾರದ ಹತ್ತಿರಕ್ಕೂ ಬಾರದು ಅನ್ನುವ ಮಾತು ಅದರಲ್ಲಿದೆ. ಬರೆ ಕೆಳಗೆ ಮನೆ ಇರುವವರಿಗೆ ಆ ಮಾತು ಎಷ್ಟು ಧೈರ್ಯ ಕೊಡುತ್ತದೆ ಅಂತ ನನಗೆ ಗೊತ್ತು. ಆದರೆ ಇದೇ ಕೀರ್ತನೆ ಸುವಾರ್ತೆಯಲ್ಲಿ ಮತ್ತೆ ಎಲ್ಲಿ ಬರುತ್ತದೆ ನೋಡಿ. ಮತ್ತಾಯ 4ರಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸುತ್ತಾನೆ. ಕೆಳಗೆ ಧುಮುಕು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಅನ್ನುತ್ತಾನೆ. ಆ ವಾಕ್ಯ ಈ ಕೀರ್ತನೆಯದ್ದೇ. ವಾಕ್ಯ ಸುಳ್ಳು ಅಂತ ಯೇಸು ಹೇಳಲಿಲ್ಲ. ನಿನ್ನ ದೇವರನ್ನು ಪರೀಕ್ಷಿಸಬಾರದು ಅಂದ. ವಾಗ್ದಾನ ನಿಜವೇ. ಅದನ್ನು ಹಿಡಿದುಕೊಂಡು ಬೇಕೆಂದೇ ಅಪಾಯದಲ್ಲಿ ನಿಲ್ಲುವುದು ಬೇರೆ ವಿಷಯ.

ಒಂದು ಮಾತು. ಈ ಭಾಗವನ್ನು ಮಾವನ ಮುಖಕ್ಕೆ ಹಿಡಿಯಬೇಡಿ. ನೀವು ಸೈತಾನನ ಹಾಗೆ ಮಾತಾಡುತ್ತಿದ್ದೀರಿ ಅಂತಲೇ ಅವರಿಗೆ ಕೇಳಿಸುತ್ತದೆ. ಆಮೇಲೆ ಆ ಮನೆಯಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಅವರ ಜೊತೆ ಕೂತು ಓದುವುದಾದರೆ ಮತ್ತಾಯ 2 ಓದಿ. ರಾಜ ಹೆರೋದ ಮಗು ಯೇಸುವನ್ನು ಕೊಲ್ಲಲು ಹುಡುಕುತ್ತಾನೆ, ಎದ್ದು ಐಗುಪ್ತಕ್ಕೆ ಓಡಿಹೋಗು ಅಂತ ಕನಸಿನಲ್ಲಿ ಎಚ್ಚರಿಕೆ ಬಂದಾಗ ಯೋಸೇಫ ಏನು ಮಾಡಿದ? ಆ ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೊರಟ. ದೇವರು ತನ್ನ ಮಗನನ್ನು ಬೆತ್ಲೆಹೇಮಿನಲ್ಲೇ ಕಾಪಾಡಬಹುದಿತ್ತಲ್ವಾ? ಕಾಪಾಡಿದ ದಾರಿ ಮಾತ್ರ 'ಎದ್ದು ಹೊರಡು' ಅನ್ನುವುದಾಗಿತ್ತು. ಯೋಸೇಫನನ್ನು ಅವಿಶ್ವಾಸಿ ಅಂತ ಯಾವ ಸಭೆಯೂ ಕರೆದಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ನಂಬಿಕೆಯ ವೀರರ ಪಟ್ಟಿ. ಅಲ್ಲಿ ನೋಹನ ಬಗ್ಗೆ ಇರುವುದೂ ಇದೇ. ಇನ್ನೂ ಕಣ್ಣಿಗೆ ಕಾಣದ್ದರ ಬಗ್ಗೆ ಎಚ್ಚರಿಕೆ ಬಂದಾಗ ಅವನು ಭಯಭಕ್ತಿಯಿಂದ ನಾವೆ ಕಟ್ಟಿದ. ಅದನ್ನೇ ಆ ಪತ್ರಿಕೆ ಅವನ ನಂಬಿಕೆ ಅಂತ ಎಣಿಸುತ್ತದೆ.

ನನಗೆ ಇದಕ್ಕಿಂತ ಹತ್ತಿರವಾದದ್ದು ಅಪೊಸ್ತಲರ ಕೃತ್ಯಗಳು 27. ಪೌಲ ಕೈದಿಯಾಗಿ ರೋಮಿಗೆ ಹಡಗಿನಲ್ಲಿ ಹೋಗುತ್ತಿದ್ದಾನೆ. ಕ್ರೇತ ದ್ವೀಪದ ಒಂದು ರೇವಿನಲ್ಲಿದ್ದಾಗ, ಕಾಲ ಮೀರಿದೆ, ಈಗ ಹೊರಟರೆ ನಷ್ಟ, ಪ್ರಾಣಕ್ಕೂ ಅಪಾಯ ಅಂತ ಹೇಳುತ್ತಾನೆ. ಶತಾಧಿಪತಿ ಹಡಗಿನ ಯಜಮಾನನ ಮಾತು ಕೇಳುತ್ತಾನೆ. ಯಾಕೆ? ಆ ರೇವು ಚಳಿಗಾಲ ಕಳೆಯುವುದಕ್ಕೆ ಅನುಕೂಲವಾಗಿರಲಿಲ್ಲ. ಇಷ್ಟೇ ಕಾರಣ. ಬಿರುಗಾಳಿಗೆ ಸಿಕ್ಕಿ ದಿನಗಟ್ಟಲೆ ಸೂರ್ಯನೂ ಕಾಣಲಿಲ್ಲ, ನಕ್ಷತ್ರವೂ ಕಾಣಲಿಲ್ಲ. ಆಗ ದೇವದೂತ ಪೌಲನಿಗೆ ಒಬ್ಬರ ಪ್ರಾಣವೂ ಹೋಗುವುದಿಲ್ಲ ಅಂತ ಮಾತು ಕೊಡುತ್ತಾನೆ. ಇನ್ನೇನು, ಸುಮ್ನೆ ಕೂತರೆ ಆಯಿತು ಅಂತ ಪೌಲ ಅಂದುಕೊಂಡನಾ? ಇಲ್ಲ. ನಾವಿಕರು ಚಿಕ್ಕ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡಿದಾಗ, ಇವರು ಹಡಗಿನಲ್ಲಿ ಇರದಿದ್ದರೆ ನೀವು ಉಳಿಯುವುದಿಲ್ಲ ಅಂತ ಸೈನಿಕರಿಗೆ ಹೇಳಿದ. ಎಲ್ಲರಿಗೂ ಊಟ ಮಾಡಿಸಿದ. ಗೋಧಿ ಸಮುದ್ರಕ್ಕೆ ಚೆಲ್ಲಿ ಹಡಗು ಹಗುರ ಮಾಡಿದರು. ಕೊನೆಗೆ 276 ಜನ, ಕೆಲವರು ಈಜಿ, ಕೆಲವರು ಹಲಗೆ ಹಿಡಿದು, ದಡ ಸೇರಿದರು. ವಾಗ್ದಾನ ಕೈಯಲ್ಲಿದ್ದವನೇ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡಿದ. ಮಾವನಿಗೆ ಓದಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಅಧ್ಯಾಯ ನನಗೆ ಗೊತ್ತಿಲ್ಲ.

ಇನ್ನು ಆನೆಯ ವಿಷಯ. ಅದನ್ನು ಬರೆದದ್ದು ಒಳ್ಳೆಯದಾಯಿತು. ಆನೆ ಬಂದಿದೆ ಅಂದರೆ ಮಾವ ಬಾಗಿಲು ಹಾಕುತ್ತಾರೆ, ಯಾಕೆಂದರೆ ಆನೆಯನ್ನು ನೋಡಿದ್ದಾರೆ. ಮುರಿದ ಬಾಳೆ, ತುಳಿದ ಕಾಫಿ ಗಿಡ ನೋಡಿದ್ದಾರೆ. ಬೆಳಿಗ್ಗೆ ತೋಟಕ್ಕೆ ಇಳಿಯುವ ಮುಂಚೆ ಲದ್ದಿ ಬಿಸಿಯಿದೆಯಾ ಅಂತ ನೋಡುವುದು ಕೊಡಗಿನವರಿಗೆ ಅಭ್ಯಾಸ. ಅವರ ನಂಬಿಕೆ ಅದಕ್ಕೆ ಅಡ್ಡ ಬರುವುದಿಲ್ಲ. ಗುಡ್ಡ ಹಾಗಲ್ಲ. ಅಜ್ಜನ ಕಾಲದಿಂದ ಅಲ್ಲೇ ನಿಂತಿದೆ, ಮುಂದೆಯೂ ನಿಲ್ಲುತ್ತದೆ ಅನಿಸುತ್ತದೆ. ಹಾಗಾಗಿ ಅವರ ಮನಸ್ಸಿನಲ್ಲಿ ಎಚ್ಚರಿಕೆಗೂ ವಿಶ್ವಾಸಕ್ಕೂ ಜಗಳ ಇದೆ ಅಂತ ನನಗನಿಸುವುದಿಲ್ಲ. ಗುಡ್ಡ ಬೀಳಬಹುದು ಅನ್ನುವುದನ್ನೇ ಅವರ ಮನಸ್ಸು ಒಪ್ಪುತ್ತಿಲ್ಲ.

2018ರಲ್ಲಿ ಶಾಲೆ, ಸಮಾಜದ ಕಟ್ಟಡ, ಚರ್ಚ್ ಹಾಲ್‌ಗಳಲ್ಲಿ ಉಳಿದಿದ್ದ ಹಿರಿಯರ ಜೊತೆ ತುಂಬಾ ಹೊತ್ತು ಕೂತು ಮಾತಾಡಿದ್ದೇನೆ. ಮೊದಲು ದೇವರ ಮಾತು ಬರುತ್ತಿತ್ತು. ಟೀ ಕುಡಿದು ಸ್ವಲ್ಪ ಹೊತ್ತಾದ ಮೇಲೆ ಬೇರೆ ಮಾತು ಬರುತ್ತಿತ್ತು. ಹಸು ಕಟ್ಟಿಹಾಕಿಯೇ ಬಂದೆ. ನಾಯಿ ಬರಲಿಲ್ಲ. ಆರ್‌ಟಿಸಿ, ಹಕ್ಕುಪತ್ರ ಎಲ್ಲ ಬೀರುವಿನಲ್ಲಿದೆ. ಒಬ್ಬರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲದೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಕಾಫಿ ಕೊಯ್ಲಿನಲ್ಲಿ ಹತ್ತು ಜನ ಕೆಲಸದವರಿಗೆ ಊಟ ಹಾಕಿದ ಮನೆ ಅವರದು. ರಾತ್ರಿ ಎರಡು ಸಲ ಏಳಬೇಕಾದ ವಯಸ್ಸಾದವರಿಗೆ ಎಲ್ಲರ ನಡುವೆ ಮಲಗುವುದು, ಹೊರಗಿನ ಶೌಚಾಲಯಕ್ಕೆ ಗಮ್ ಬೂಟ್ ಹಾಕಿಕೊಂಡು ನಡೆಯುವುದು ನಾಚಿಕೆ. ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಕಷ್ಟ. 'ಕರ್ತನು ಕಾಪಾಡ್ತಾನೆ' ಅನ್ನುವುದು ಸುಲಭ. ಮಾವನನ್ನು ಒಂದು ಸಂಜೆ ಕೇಳಿ ನೋಡಿ: ಹೊರಡುವುದಾದರೆ ನಿಮಗೆ ಯಾವುದು ಕಷ್ಟ? ವಾದ ಬೇಡ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಹಸುವಿಗೆ, ಕಾಗದಪತ್ರಕ್ಕೆ, ಮಲಗುವ ಜಾಗಕ್ಕೆ ಒಂದು ವ್ಯವಸ್ಥೆಯಾದರೆ ಅರ್ಧ ಹಟ ಕರಗುತ್ತದೆ.

ಬರೆಯ ವಿಷಯಕ್ಕೆ ಬರೋಣ. 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ವಿಪರೀತ ಮಳೆಯ ಜೊತೆಗೆ, ಮನೆಗೆ, ರಸ್ತೆಗೆ ಅಂತ ಗುಡ್ಡದ ಬುಡ ಕಡಿದದ್ದು, ನೀರು ಹರಿಯುವ ದಾರಿ ಮುಚ್ಚಿದ್ದು ಕಾರಣ ಅಂತ ಹೇಳಿದರು. ನಮ್ಮಲ್ಲಿ ಬಂಡೆಯ ಮೇಲೆ ದಪ್ಪ ಮಣ್ಣಿದೆ. ಜೂನ್, ಜುಲೈ ಪೂರ್ತಿ ಅದು ನೀರು ಕುಡಿದಿರುತ್ತದೆ. ಆಗಸ್ಟ್‌ನಲ್ಲಿ ಒಂದೇ ಸಮನೆ ಸುರಿದರೆ ಮಣ್ಣಿನ ಭಾರ ಹೆಚ್ಚುತ್ತದೆ, ಒಳಗಿನ ನೀರಿನ ಒತ್ತಡಕ್ಕೆ ಹಿಡಿತ ತಪ್ಪುತ್ತದೆ. ಬುಡ ಕಡಿದಿದ್ದರೆ ತಡೆಯುವುದಕ್ಕೂ ಏನೂ ಇರುವುದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ ಕಡೆ ಆದದ್ದನ್ನು ನೀವೇ ನೋಡಿದ್ದೀರಿ. ಹಾಗೆಯೇ 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬೆಟ್ಟ, 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ.

ಒಂದು ಸಲ ಬಿರುಕು ಬಿಟ್ಟು ನಿಂತ ಗುಡ್ಡವನ್ನು 'ಆವತ್ತು ಬೀಳಲಿಲ್ಲ, ಇನ್ನು ಬೀಳಲ್ಲ' ಅಂತ ನೋಡುವುದು ಅಪಾಯ. ಆ ಬಿರುಕಿನ ಒಳಗೆ ಪ್ರತಿ ವರ್ಷ ನೀರು ಇಳಿಯುತ್ತದೆ. ಮಳೆ ಕಡಿಮೆಯಾದ ಮೇಲೂ ಒಂದೆರಡು ದಿನ ಮಣ್ಣು ಜಾರಬಹುದು. ಮಳೆ ನಿಂತ ಕೂಡಲೇ ಸಾಮಾನು ತರಲು ಓಡಬೇಡಿ.

ದೇವರು ಪಾಪಕ್ಕೆ ಕೊಟ್ಟ ಶಿಕ್ಷೆ ಅನ್ನುವ ಮಾತೂ ಆಗ ಓಡಾಡಿತ್ತು. ಲೂಕ 13ರಲ್ಲಿ ಸಿಲೋವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಜನ ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಯೇಸುವೇ ಕೇಳಿ, ಇಲ್ಲ ಅಂತ ಹೇಳಿದ್ದಾನೆ. ಮನೆ ಕಳೆದುಕೊಂಡವರ ಮುಂದೆ ದಯವಿಟ್ಟು ಯಾರೂ ಆ ಮಾತು ಆಡಬಾರದು.

ಹೋದ ವರ್ಷದ ರೆಡ್ ಅಲರ್ಟ್. ಮಳೆ ಅಂತ ಡಿಸಿ ಶಾಲೆಗೆ ರಜೆ ಕೊಟ್ಟ ದಿನ ಬಿಸಿಲು ಬರುತ್ತದೆ ಅಂತ ಕೊಡಗಿನಲ್ಲಿ ಎಲ್ಲರೂ ಹೇಳುತ್ತಾರೆ. ಹವಾಮಾನ ಇಲಾಖೆ ರೆಡ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟುವಂಥ ಮಳೆ ಬರಬಹುದು, ತಯಾರಿಯಷ್ಟೇ ಸಾಲದು, ಕ್ರಮ ತೆಗೆದುಕೊಳ್ಳಿ ಅಂತ ಅರ್ಥ. ಅದನ್ನು ಇಡೀ ಜಿಲ್ಲೆಗೆ ಹೇಳುತ್ತಾರೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. ಹಾಗಾಗಿ ನಿಮ್ಮ ಗುಡ್ಡದ ಮೇಲೆ ಬೀಳದೆ ಹೋಗಬಹುದು. ಬೈಬಲಿನಲ್ಲಿ, ತಾನು ಹೇಳಿದ ಎಚ್ಚರಿಕೆ ನಡೆಯಲಿಲ್ಲ ಅಂತ ಸಿಟ್ಟು ಮಾಡಿಕೊಂಡವನು ಒಬ್ಬನಿದ್ದಾನೆ, ಯೋನ. ನಿನೆವೆಯ ಜನ ಮಾತು ಕೇಳಿದರು, ಪಟ್ಟಣ ಉಳಿಯಿತು. ಅವನಿಗೆ ಅದು ಅವಮಾನ ಅನಿಸಿತು. ದೇವರಿಗೆ ಮಾತ್ರ ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ, ಅಷ್ಟೊಂದು ದನಕರು ಉಳಿದದ್ದು ಮುಖ್ಯವಾಗಿತ್ತು. ನೀವು ಅಕ್ಕನ ಮನೆಯಿಂದ ವಾಪಸ್ ಬಂದಾಗ ಮನೆ ನಿಂತಿದ್ದರೆ ಸ್ತೋತ್ರ ಹೇಳಿ ಒಳಗೆ ಹೋಗಿ. ಅದರಲ್ಲಿ ನಾಚಿಕೆಪಡುವುದಕ್ಕೆ ಏನಿದೆ?

ಈಗ ನಾದಿನಿಯ ವಾಯ್ಸ್ ಮೆಸೇಜ್. ಮಾವ ಏನನ್ನೂ ಕೇಳುವುದಿಲ್ಲ, ಅವಳು ಎಲ್ಲವನ್ನೂ ಕೇಳುತ್ತಾಳೆ. ಎರಡರಿಂದಲೂ ಕಿವಿ ಹಾಳಾಗುತ್ತದೆ. ಪ್ರವಾದನೆಗಳನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಅಂತ ಪೌಲ ಥೆಸಲೋನಿಕದವರಿಗೆ ಬರೆದಿದ್ದಾನೆ. ಹಾಗಾಗಿ ಪರೀಕ್ಷಿಸೋಣ. ಹೇಳಿದವರು ಯಾರು, ಹೆಸರಿದೆಯಾ? ಯಾವ ಜಾಗ, ಯಾವಾಗ? ಕೇಳಿದವರು ಏನು ಮಾಡಬೇಕು? ಕೃತ್ಯಗಳು 11ರಲ್ಲಿ ಅಗಬ ಅನ್ನುವ ಪ್ರವಾದಿ ದೊಡ್ಡ ಬರಗಾಲ ಬರುತ್ತದೆ ಅಂತ ಹೇಳಿದ. ಅಂತಿಯೋಕ್ಯದ ಸಭೆಯವರು ಗಾಬರಿ ಹಂಚಲಿಲ್ಲ. ಪ್ರತಿಯೊಬ್ಬರೂ ತಮ್ಮ ಶಕ್ತಿಯಿದ್ದಷ್ಟು ಹಣ ಸೇರಿಸಿ ಯೂದಾಯದ ಸಹೋದರರಿಗೆ ಕಳಿಸಿದರು. 'ಇದನ್ನು ಹತ್ತು ಜನರಿಗೆ ಕಳಿಸಿ' ಅನ್ನುವುದು ಬಿಟ್ಟು ಬೇರೇನೂ ಮಾಡಲು ಹೇಳದ ಎಚ್ಚರಿಕೆಯನ್ನು ನಾನು ನಂಬುವುದಿಲ್ಲ. ನಾದಿನಿಗೆ ಇದೂ ಗೊತ್ತಿರಲಿ: ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನರಲ್ಲಿ ಗಾಬರಿ ಹುಟ್ಟಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಆಗಬಹುದು. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಪ್ರೀತಿಯಿಂದ ಹೇಳಿ.

ನೀವು ಕೇಳಬೇಕಾದ ದನಿಗಳು ಕೆಲವೇ. ಹವಾಮಾನ ಇಲಾಖೆಯ ಮುನ್ಸೂಚನೆ, ಪಂಚಾಯಿತಿ ಅಥವಾ ತಹಶೀಲ್ದಾರ್ ಕಡೆಯ ಸೂಚನೆ, ಫೋನಿಗೆ ಸರ್ಕಾರದಿಂದ ನೇರವಾಗಿ ಬರುವ ಸಂದೇಶ. ಅನುಮಾನ ಇದ್ದರೆ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ ಕೇಳಬಹುದು. ಇದೆಲ್ಲಕ್ಕಿಂತ ಹತ್ತಿರದ್ದು ನಿಮ್ಮ ಬರೆಯೇ. ಹಳೆಯ ಬಿರುಕು ಅಗಲವಾದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಸಿಲ್ವರ್ ಓಕ್ ಮರ ವಾಲಿದರೆ, ನೆಟ್ಟಗಿದ್ದ ಬಾಗಿಲು ಇದ್ದಕ್ಕಿದ್ದ ಹಾಗೆ ಹಿಡಿದುಕೊಂಡರೆ, ಎಂದೂ ಇಲ್ಲದ ಜಾಗದಲ್ಲಿ ಜಲ ಎದ್ದರೆ, ತಿಳಿಯಾಗಿ ಬರುತ್ತಿದ್ದ ತೋಡಿನ ನೀರು ಕೆಂಪಾದರೆ ಅಥವಾ ಮಳೆ ಇದ್ದೂ ನಿಂತುಹೋದರೆ, ಯಾವ ಬಣ್ಣದ ಅಲರ್ಟ್ ಅಂತ ನೋಡಬೇಡಿ. ತಕ್ಷಣ ಹೊರಡಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಒಂದೂ ಸುಲಭ ಇಲ್ಲ. ಜುಲೈ, ಆಗಸ್ಟ್ ಪೂರ್ತಿ ಬೇರೆ ಕಡೆ ಬಾಡಿಗೆಗೆ ಇರುವುದು ಎಲ್ಲಕ್ಕಿಂತ ಸುರಕ್ಷಿತ. ಆದರೆ ಬಾಡಿಗೆ, ಮಕ್ಕಳ ಶಾಲೆ, ದಿನಾ ತೋಟಕ್ಕೆ ಬಂದು ಹೋಗುವುದು, ಇದೆಲ್ಲ ಖರ್ಚು. ಕುಶಾಲನಗರದಲ್ಲಿ ಮನೆ ನೋಡುವುದಾದರೆ ಹೊಳೆಯಿಂದ ದೂರ ನೋಡಿ. 2018ರಲ್ಲೂ 2019ರಲ್ಲೂ ಅಲ್ಲಿ ಕಾವೇರಿ ಪಕ್ಕದ ಬಡಾವಣೆಗಳಿಗೆ ನೀರು ನುಗ್ಗಿತ್ತು. ಆರೆಂಜ್ (ರೆಡ್ ಅಲರ್ಟಿಗಿಂತ ಒಂದು ಹಂತ ಕೆಳಗಿನದ್ದು), ರೆಡ್ ಬಂದಾಗ ಮಾತ್ರ ಹೊರಡುವುದು ಕಡಿಮೆ ಖರ್ಚಿನ ದಾರಿ. ಅದರಲ್ಲಿ ಅಪಾಯ ಏನೆಂದರೆ, ಹೊರಡುವ ಹೊತ್ತಿಗೆ ರಸ್ತೆಗೆ ಮರ ಬಿದ್ದಿರಬಹುದು, ಕರೆಂಟ್, ನೆಟ್‌ವರ್ಕ್ ಹೋಗಿರಬಹುದು. ಇದನ್ನು ಆರಿಸಿಕೊಂಡರೆ ಆರೆಂಜ್‌ಗೇ ಹೊರಡಿ, ಹಗಲಲ್ಲೇ ಹೊರಡಿ. ಮುಂದಿನ ಕೋಣೆಯಲ್ಲಿ ಮಲಗುತ್ತೇವೆ ಅನ್ನುವುದು ರಸ್ತೆ ಪೂರ್ತಿ ಮುಚ್ಚಿದ ದಿನದ ಕೊನೆಯ ಉಪಾಯ ಅಷ್ಟೇ. ಅದನ್ನೇ ಯೋಜನೆ ಮಾಡಿಕೊಳ್ಳಬೇಡಿ.

ತಡೆಗೋಡೆ ಕಟ್ಟಿಸಿದರೆ ಮಾವನಿಗೆ ಸಮಾಧಾನ ಆಗಬಹುದು. ಆದರೆ ನೀರು ಹೊರಗೆ ಬರಲು ತೂತು, ಪೈಪ್ ಇಲ್ಲದ ಗೋಡೆ ನೀರನ್ನು ಹಿಂದೆಯೇ ಹಿಡಿದಿಟ್ಟು ಒಂದು ದಿನ ಮಣ್ಣಿನ ಜೊತೆ ತಾನೂ ಬರುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಬಂದು ನೋಡಲಿ ಅಂತ ಪಂಚಾಯಿತಿ ಮೂಲಕ ಅರ್ಜಿ ಕೊಡಿ. ಕಾಫಿ ಹೂ ಅರಳಿಸುವ ಹೂಮಳೆ ಮುಗಿದಿದೆ, ಮುಂಗಾರಿಗೆ ಇನ್ನೂ ಸಮಯ ಇದೆ. ಅಲ್ಲಿವರೆಗೆ ಮೇಲಿನ ಬಿರುಕನ್ನು ಜೇಡಿಮಣ್ಣಿನಿಂದ ತುಂಬಿ ಗಟ್ಟಿ ಮಾಡಿ, ಮೇಲಿಂದ ಬರುವ ನೀರನ್ನು ಚರಂಡಿ ಮಾಡಿ ಪಕ್ಕಕ್ಕೆ ತಿರುಗಿಸಿ. ಬರೆಯ ಮೇಲೆ ಇಂಗುಗುಂಡಿ ತೋಡಬೇಡಿ. ಬೇರೆ ಕಡೆ ಅದು ಒಳ್ಳೆಯದು, ಅಲ್ಲಿ ಅಲ್ಲ. ಇದೂ ದೇವರ ಮಾತಿಗೆ ಹೊರಗಿನದ್ದಲ್ಲ. ಹೊಸ ಮನೆ ಕಟ್ಟಿದರೆ ಮಾಳಿಗೆ ಸುತ್ತ ಗೋಡೆ ಕಟ್ಟು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ನಿನ್ನ ಮನೆಗೆ ಬರುತ್ತದೆ ಅಂತ ಧರ್ಮೋಪದೇಶಕಾಂಡ 22ರಲ್ಲೇ ಇದೆ.

ಪೊಲೀಸರನ್ನು ಕರೆಸಿ ಮಾವನನ್ನು ಎತ್ತಿಕೊಂಡು ಹೋಗುವುದು? ಪ್ರಾಣಕ್ಕೆ ಬಂದ ರಾತ್ರಿ ಅಧಿಕಾರಿಗಳು ಹಾಗೆ ಮಾಡಿದರೆ ಅಡ್ಡ ಬರಬೇಡಿ. ಲೋಟನ ಕಥೆಯಲ್ಲಿ, ಊರು ನಾಶವಾಗುವ ಮುಂಚೆ ಅವನು ತಡಮಾಡುತ್ತಾ ನಿಂತಾಗ ದೂತರು ಅವನ ಕೈ, ಹೆಂಡತಿಯ ಕೈ, ಹೆಣ್ಣುಮಕ್ಕಳ ಕೈ ಹಿಡಿದು ಊರ ಹೊರಗೆ ತಂದು ಬಿಟ್ಟರು. ಆದಿಕಾಂಡ ಅದನ್ನು ಕರ್ತನ ಕನಿಕರ ಅನ್ನುತ್ತದೆ. ಆದರೆ ನೀವಾಗಿಯೇ ಅದನ್ನು ಮೊದಲ ಉಪಾಯ ಮಾಡಿಕೊಂಡರೆ ಅವರು ಮಾರನೇ ದಿನವೇ ವಾಪಸ್ ನಡೆದು ಬರುತ್ತಾರೆ. ಮತ್ತೆ ಕರೆದರೆ ಬರುವುದಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಮೇ ತಿಂಗಳು ಮುಗಿಯುವ ಮೊದಲು, ಬಿಸಿಲಿರುವ ಒಂದು ದಿನ, ಯಜಮಾನರೂ ನೀವೂ ಮಾವನ ಜೊತೆ ಕೂತು ಮಾತಾಡಿ. ಆರೆಂಜ್ ಬಂದರೆ ಮಕ್ಕಳು ಹೊರಡುತ್ತಾರೆ, ಇದರಲ್ಲಿ ಚರ್ಚೆ ಇಲ್ಲ ಅಂತ ಯಜಮಾನರೇ ಹೇಳಲಿ, ಸೊಸೆಯ ಬಾಯಿಂದ ಬೇಡ. ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಆಜ್ಞೆಗೆ ಇದು ವಿರುದ್ಧ ಅಲ್ಲ. ಮಕ್ಕಳ ಪ್ರಾಣ ನಿಮ್ಮ ಕೈಗೆ ಕೊಟ್ಟದ್ದು, ಅದಕ್ಕೆ ನೀವೇ ಲೆಕ್ಕ ಕೊಡಬೇಕು. ಮಾವ ಬರುವುದಾದರೆ ಎಲ್ಲಿ ಮಲಗುತ್ತಾರೆ, ಹಸು ಯಾರ ಕೊಟ್ಟಿಗೆಗೆ ಹೋಗುತ್ತದೆ, ಜೀಪ್ ಯಾರದು, ಇವನ್ನು ಅವರನ್ನೇ ಕೇಳಿ ನಿಶ್ಚಯ ಮಾಡಿ. ಬಿಪಿ ಮಾತ್ರೆ, ಕನ್ನಡಕ, ಬೈಬಲ್, ಕಾಗದಪತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಈಗಲೇ ಸಿದ್ಧವಿರಲಿ. ಹೊರಡುವ ಮೊದಲು ಪ್ರಾರ್ಥನೆ ಅವರೇ ಮಾಡಲಿ. ಮನೆಯ ಹಿರಿಯರಾಗಿ ನಮ್ಮನ್ನು ಕರೆದುಕೊಂಡು ಹೋಗಿ ಅಂತ ಕೇಳುವುದಕ್ಕೂ, ನಮ್ಮ ಹಿಂದೆ ಬನ್ನಿ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ನಿಮ್ಮ ಸಭಾಪಾಲಕರಿಗೂ ವಿಷಯ ತಿಳಿಸಿ. ಮಾವ ನಿಮ್ಮ ಮಾತಿಗಿಂತ ಅವರ ಮಾತು ಕೇಳುವ ಸಾಧ್ಯತೆ ಜಾಸ್ತಿ. ಅವರೂ ಮಾವನ ಹಾಗೆಯೇ 'ನಂಬಿಕೆಯಿಂದ ಇರಿ, ಎಲ್ಲಿಗೂ ಹೋಗಬೇಡಿ' ಅಂದರೆ, ಕೃತ್ಯಗಳು 27ನ್ನು ಅವರ ಜೊತೆ ಒಂದು ಸಲ ಓದಿ. ಆಮೇಲೂ ಒಪ್ಪದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ನಾನೇ ಅವರಿಗೆ ಫೋನ್ ಮಾಡುತ್ತೇನೆ.